ಶಾಸನಕ್ಕೇರದ ಆಡು

ಕೊಪ್ಪಳದ ಗವಿಮಠದ ಬೆಟ್ಟವನ್ನೇರಿ, ಅಶೋಕನು ಕೊರೆಯಿಸಿದ ಬ್ರಾಹ್ಮೀ ಅಕ್ಷರಗಳನ್ನು ನೋಡುತ್ತ ನಿಂತವನಿಗೆ, ಕೆಳಗೆ ಜಾಲಿಯ ಗಿಡಕ್ಕೆ ಮುಂಗಾಲೂರಿ ಕಾಯಿ ಕೀಳುವ ಆಡುಗಳು ಕಣ್ಣಿಗೆ ಬೀಳದೆ ಇರವು. 1931ರಲ್ಲಿ ಬೆಳಕಿಗೆ ಬಂದ ಆ ಶಾಸನವು ಧರ್ಮೋತ್ಸಾಹವನ್ನು ಕುರಿತದ್ದೇ ಹೊರತು ಆಡನ್ನು ಕುರಿತದ್ದಲ್ಲ. ಆದರೆ ಅದೇ ಅರಸನು, ಪಟ್ಟವೇರಿ 26 ವರ್ಷಗಳಾದ ತರುವಾಯ ಉತ್ತರ ದೇಶದ ಸ್ತಂಭಗಳಲ್ಲಿ ಬರೆಯಿಸಿದ ಐದನೆಯ ಶಾಸನದಲ್ಲಿ, ಗಬ್ಬವಾದ ಅಥವಾ ಮರಿಗೆ ಹಾಲೂಡುತ್ತಿರುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳು ತುಂಬದ ಅವುಗಳ ಮರಿಗಳನ್ನೂ ಕೊಲ್ಲಲಾಗದೆಂದು ವಿಧಿಸಿದ್ದಾನೆ. ಆ ಆಜ್ಞೆಯು ಕೊಪ್ಪಳದ ಬಂಡೆಯವರೆಗೆ ಬರಲಿಲ್ಲ.

ಈ ಸೀಮೆಯ ಪಶುಪಾಲನೆಯಾದರೋ ಅಶೋಕನಿಗಿಂತಲೂ ಬಹು ಪ್ರಾಚೀನವಾದುದು. ಕುಷ್ಟಗಿಯಿಂದ ಈಶಾನ್ಯಕ್ಕೆ ಮುದಗಲ್ಲಿನ ಬಳಿಯಿರುವ ಪಿಕ್ಲಿಹಾಳದಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಅವರು ನಡೆಸಿದ ಉತ್ಖನನವು, ನವಶಿಲಾಯುಗದ ಜನರು ದನಗಳೊಡನೆ ಆಡು-ಕುರಿಗಳನ್ನೂ ಸಾಕಿದ್ದರೆಂಬುದನ್ನು ಎಲುಬುಗಳ ಸಾಕ್ಷ್ಯದಿಂದಲೇ ತೋರಿಸಿತು. ಮುಂದೆ ಕನ್ನಡ ನಾಡು ದನಗಳನ್ನು ಕವರುವ ತುರುಗೊಳ್ ಕಾಳಗದಲ್ಲಿ ಮಡಿದವರಿಗೆ ಊರೂರಿಗೂ ವೀರಗಲ್ಲು ನೆಟ್ಟಿತು. ಆಡಿಗಾಗಿ ಸತ್ತವನ ಕಲ್ಲು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಲ್ಲಿನಲ್ಲಿಲ್ಲದ ಆ ಚರಿತ್ರೆಯನ್ನು ಯಲಬುರ್ಗಿಯ ಎರೆಹೊಲದ ಅಂಚಿನ ಒಂದು ಮಣ್ಣಿನ ಮನೆಯಲ್ಲಿ ಓದಬೇಕು. ಮುಂಜಾನೆ ಬುಟ್ಟಿಯಡಿಯ ಮರಿ ಅರಚತೊಡಗಿದೊಡನೆ ಮನೆಯಾಕೆಯು ಆಡಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಮೊಲೆಯನ್ನು ಮರಿಗೆ ಬಿಟ್ಟು, ಇನ್ನೊಂದನ್ನು ಚರಿಗೆಗೆ ಹಿಂಡುತ್ತಾಳೆ. ದೊರೆಯುವುದು ಅರ್ಧ ಸೇರೂ ಆಗದ ಹಾಲು, ಎಳೆಗೂಸಿಗಷ್ಟು, ಚಹಕ್ಕಷ್ಟು. ಹಿಕ್ಕೆಯು ಹೊಲಕ್ಕೆ ಗೊಬ್ಬರ. ಐದು ತಿಂಗಳ ಗರ್ಭದಲ್ಲಿ ಅನೇಕ ವೇಳೆ ಅವಳಿ ಮರಿಗಳನ್ನೀಯುವ ಈ ಪ್ರಾಣಿಯನ್ನು ಕೊಳ್ಳಲಾರದವರು ಉಳ್ಳವರಿಂದ ‘ಪಾಲಿಗೆ’ ತಂದು ಸಾಕುವುದುಂಟು: ಹಾಲು ಸಾಕಿದವರಿಗೆ, ಮರಿಗಳಲ್ಲಿ ಇಬ್ಬರಿಗೂ ಸಮಪಾಲು. ಕೈಯಲ್ಲಿ ಕಾಸಿಲ್ಲದ ಸಂಸಾರವು ಪಾಲಿನ ಆಡೊಂದರಿಂದಲೇ ಎರಡು ಮೂರು ವರ್ಷಗಳಲ್ಲಿ ಸ್ವಂತ ಹಿಂಡಿಗೆ ಒಡೆತನ ಪಡೆಯುವುದು ಈ ಪದ್ಧತಿಯ ಬಲ. ಮಳೆ ಹೋಗಿ ಮೇವು ಬತ್ತಿ ಎತ್ತು ಸಂತೆಗೆ ನಡೆದ ವರ್ಷವೂ ಆಡು ಮನೆಯಲ್ಲುಳಿಯುತ್ತಿತ್ತು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯು ಇಲ್ಲಿ ಅಣಕವಲ್ಲ, ಬರಗಾಲದ ಲೆಕ್ಕ.

1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಈ ಲೆಕ್ಕವನ್ನು ಇಬ್ಭಾಗ ಮಾಡಿತು. ಎಡದಂಡೆ ಕಾಲುವೆಯ ನೀರು ಹರಿದ ಗಂಗಾವತಿಯ ಕಡೆ, ಬೀಳು ನೆಲವೆಲ್ಲ ಭತ್ತದ ಗದ್ದೆಯಾಗಿ, ಬದುವಿನ ಹಸುರಿಗೂ ಒಡೆಯನುಂಟಾದುದರಿಂದ ಆಡಿಗೆ ಕಾಲಿಡಲು ತಾಣವುಳಿಯಲಿಲ್ಲ. ಕುಷ್ಟಗಿ ಯಲಬುರ್ಗಿಗಳ ಒಣ ನೆಲವೋ ಮಳೆಯನ್ನೇ ನೆಚ್ಚಿಕೊಂಡಿದ್ದುದರಿಂದ ಆಡಿಗೆ ನೆಲೆಯಾಗಿಯೇ ಉಳಿಯಿತು.

ಹಾಲೂಡುವ ಆಡನ್ನು ಕಟುಕನಿಗೆ ಮಾರಿದರೆ ಮರಿಯೂ ಹೋಯಿತು, ಪಾಲೂ ಹೋಯಿತು. ಇದನ್ನು ತಿಳಿಯಲು ಆ ಮನೆಯಾಕೆಗೆ ಸ್ತಂಭವೂ ಬೇಕಿರಲಿಲ್ಲ, ಲಿಪಿಯೂ ಬೇಕಿರಲಿಲ್ಲ. ಅಶೋಕನು ಕಲ್ಲಿನಲ್ಲಿ ಬರೆಯಿಸಿದುದನ್ನು ಆಕೆ ಚರಿಗೆ ಹಿಡಿದು ನಡೆಸಿಕೊಂಡು ಬಂದಿದ್ದಾಳೆ.