ಕಲ್ಲಲ್ಲಿ ಉಳಿದ ಕೈ

ಮೊಬೈಲ್‌ನಲ್ಲಿ ಬ್ಲೂಟೂತ್ ಆನ್ ಮಾಡಿದಾಗ ಮೇಲೊಂದು ಪುಟ್ಟ ಚಿಹ್ನೆ ಬರುತ್ತಲ್ಲ, ಅದು ಇಂಗ್ಲಿಷಿನ 'ಬಿ' ಅಂತಲೇ ನಾನು ಬಹಳ ವರ್ಷ ತಿಳಿದಿದ್ದೆ. ಅದು ಹಳೆಯ ರೂನ್ ಲಿಪಿಯ ಎರಡಕ್ಷರಗಳ ಜೋಡಣೆ: ಒಂದು 'ಹ', ಇನ್ನೊಂದು 'ಬ'. ಅಂದರೆ ಹರಾಲ್ಡ್ ಬ್ಲೂಟೂತ್, ಹತ್ತನೇ ಶತಮಾನದ ಡೆನ್ಮಾರ್ಕಿನ ದೊರೆ. ನಾಡನ್ನು ಒಂದುಗೂಡಿಸಿದವನು ಅಂತ, ಸಾಧನಗಳನ್ನು ಒಂದುಗೂಡಿಸುವ ತಂತ್ರಜ್ಞಾನಕ್ಕೆ ಅವನ ಹೆಸರನ್ನು ಸೂಚಿಸಿದ್ದು ಇಂಟೆಲ್‌ನ ಎಂಜಿನಿಯರ್ ಜಿಮ್ ಕಾರ್ಡಾಕ್. ತಾತ್ಕಾಲಿಕವಾಗಿ ಇಟ್ಟ ಹೆಸರು. ನಮ್ಮ ಕೋಡಿನಲ್ಲಿ ಆಗೋ ಹಾಗೆ, ಅದೇ ಖಾಯಂ ಆಯ್ತು.

ನಾಡನ್ನು ಒಂದುಗೂಡಿಸಿದ ಅಂತ ಹೇಳಿದ್ದು ಯಾರು? ಸ್ವತಃ ಹರಾಲ್ಡನೇ! ಡೆನ್ಮಾರ್ಕಿನ ಯೆಲಿಂಗ್ ಎಂಬ ಊರಲ್ಲಿ ಸುಮಾರು 965ರಲ್ಲಿ ಅವನು ನಿಲ್ಲಿಸಿದ ಹತ್ತು ಟನ್ ತೂಕದ ಕಲ್ಲಿದೆ. ತಂದೆ ಗೋರ್ಮ್, ತಾಯಿ ಥೀರಾ ನೆನಪಿಗೆ ಇದನ್ನು ಮಾಡಿಸಿದ್ದೇನೆ ಅಂತ ಶುರುವಾಗುವ ಬರಹ, ಇಡೀ ಡೆನ್ಮಾರ್ಕ್ ಮತ್ತು ನಾರ್ವೆಯನ್ನು ಗೆದ್ದವನು, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನೇ ಅಂತ ಮುಗಿಯುತ್ತೆ. ಅಪ್ರೈಸಲ್ ಫಾರ್ಮಿನಲ್ಲಿ ನಾವು ಬರೆಯೋ ಸೆಲ್ಫ್ ರಿವ್ಯೂ ಇದರ ಮುಂದೆ ಏನೂ ಅಲ್ಲ. ಡೇನರು ಈ ಕಲ್ಲನ್ನು ತಮ್ಮ ದೇಶದ ಜನನಪತ್ರ ಅಂತಾರೆ. 1994ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಅಷ್ಟೆಲ್ಲಾ ಬರೆಸಿದ ರಾಜ, ಕೆತ್ತಿದವನ ಹೆಸರನ್ನು ಮಾತ್ರ ಹಾಕಿಸಲಿಲ್ಲ.

ಬಾಲ್ಯದಲ್ಲಿ ನಮ್ಮೂರಿಗೆ, ಸವೆದ ಬೀಸೋ ಕಲ್ಲನ್ನು ಉಳಿಯಿಂದ ಕುಟ್ಟಿ ಕೊಡೋರು ಬರ್ತಿದ್ರು. ನಮ್ಮಜ್ಜಿ ಒಳಗಿಂದಲೇ ಸದ್ದು ಕೇಳಿ, 'ಇವತ್ತು ಅಪ್ಪ ಬಂದಿಲ್ಲ ಕಣೋ, ಮಗ ಬಂದಿದಾನೆ' ಅನ್ನೋರು. ಒಬ್ಬೊಬ್ಬರ ಪೆಟ್ಟಿಗೂ ಒಂದೊಂದು ಲಯ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೆಚ್ಚುಕಡಿಮೆ ಇದನ್ನೇ ಮಾಡಿತು. ಸಂಶೋಧಕರು ರೂನ್ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡಿ, ಅಕ್ಷರದ ಗೀರುಗಳ ಆಳ, ಕೋನ, ಉಳಿ ಪೆಟ್ಟಿನ ಲಯ ಅಳೆದರು. ಹರಾಲ್ಡನ ಕಲ್ಲಿನ ಕೈ ಲೇಬೊರ್ಗ್ ಎಂಬಲ್ಲಿನ ಇನ್ನೊಂದು ಕಲ್ಲಿನ ಕೈಗೆ ಹೊಂದಿತು. ಆ ಕಲ್ಲಲ್ಲಿ ಸಹಿ ಇದೆ: ರಾವ್ನುಂಗೆ-ಟೂಯೆ, ತನ್ನ ರಾಣಿ ಥೀರಾ ನೆನಪಿಗೆ ಕೆತ್ತಿದ್ದು.

ಹೀಗೆ ಒಬ್ಬನಲ್ಲ, ಇಬ್ಬರು ಸಿಕ್ಕಿದರು. ಥೀರಾ ಎಂಬ ಹೆಸರು ಆ ಸೀಮೆಯ ನಾಲ್ಕು ಕಲ್ಲುಗಳಲ್ಲಿದೆ; ಗೋರ್ಮ್ ಹೆಸರಿರುವುದು ಎರಡರಲ್ಲಿ. ಎಲ್ಲ ಕಡೆ ಇರೋದು ಒಬ್ಬಳೇ ಥೀರಾನಾ ಅನ್ನೋ ಜಗಳ ಹಳೆಯದು. ಒಂದೇ ಕೈ ಅಂತಾದ ಮೇಲೆ ಒಬ್ಬಳೇ ಅನ್ನೋ ವಾದಕ್ಕೆ ಬಲ ಬಂತು. ಮಗನ ಬರಹದಲ್ಲಿ ಬರೀ ತಾಯಿಯಾಗಿದ್ದವಳು, ಡೆನ್ಮಾರ್ಕ್ ರಾಜ್ಯ ಕಟ್ಟಿದವರಲ್ಲಿ ಮುಖ್ಯಳು ಅನ್ನೋದು ಆ ಸಂಶೋಧಕರ ನಿಲುವು.

2011ರಲ್ಲಿ ಯಾರೋ ಹರಾಲ್ಡನ ಕಲ್ಲಿಗೆ ಹಸಿರು ಬಣ್ಣ ಎರಚಿದರು. ಅದನ್ನು ತೊಳೆದದ್ದಾಯ್ತು. ಈಗ ಎರಡೂ ಯೆಲಿಂಗ್ ಕಲ್ಲುಗಳು ಗಾಳಿ ಮಳೆ ತಾಗದ ಗಾಜಿನ ಗೂಡಿನಲ್ಲಿವೆ. ಬರಹವನ್ನೆಲ್ಲಾ ನಕಲು ಮಾಡಿ ಪುಸ್ತಕದಲ್ಲಿ ಇಟ್ಟಾಗಿದೆ, ಬ್ಯಾಕಪ್ ಇದೆಯಲ್ಲ, ಇನ್ನು ಕಲ್ಲಿಗೆ ಯಾಕಿಷ್ಟು ಖರ್ಚು ಅಂತ ನನ್ನಂಥವನಿಗೆ ಅನ್ನಿಸೋದು ಸಹಜ. ಆದರೆ ಪುಸ್ತಕದ ನಕಲಿನಲ್ಲಿ ಇರೋದು ರಾಜ ಹೇಳಿದ್ದಷ್ಟೇ. ಟೂಯೆ ಸಿಕ್ಕಿದ್ದು ಗೀರಿನ ಆಳದಲ್ಲಿ.