ಪುಷ್ಪಕದ ತೂಕ

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡ ಪುಷ್ಪಕವೆಂಬ ಎರಡು ಆಸನಗಳ ಹಗುರ ವಿಮಾನವು 1958ರ ಸೆಪ್ಟೆಂಬರ್ 28ರಂದು ಮೊದಲ ಸಲ ಹಾರಿತು. ಅದಾದ ಮೂರನೆಯ ದಿನ, ಅಕ್ಟೋಬರ್ 1ರಿಂದ, ದೇಶದ ಆಯ್ದ ಪ್ರದೇಶಗಳ ಪೇಟೆಗಳಲ್ಲಿ ಸೇರು, ಮಣಗಳ ಜಾಗಕ್ಕೆ ಕಿಲೋಗ್ರಾಂ ಬರತೊಡಗಿತು. ತಕ್ಕಡಿಯ ಬಟ್ಟುಗಳೇ ಬದಲಾಗುತ್ತಿದ್ದ ಆ ದಿನಗಳಲ್ಲಿ ಹುಟ್ಟಿದ ಈ ವಿಮಾನ ಮಾತ್ರ ತನ್ನ ಲೆಕ್ಕವನ್ನು ಪೌಂಡುಗಳಲ್ಲೇ ಇಟ್ಟುಕೊಂಡಿತ್ತು: ಖಾಲಿ ತೂಕ ಸುಮಾರು 870 ಪೌಂಡು, ಹಾರಲು ಅನುಮತಿಯಿದ್ದ ಗರಿಷ್ಠ ತೂಕ 1,350 ಪೌಂಡು, ಅಂದರೆ 612 ಕಿಲೋ.

ಈ ಎರಡನೆಯ ಅಂಕಿ ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ. ಪುಷ್ಪಕದ ಮೂಲ ಅಮೆರಿಕದ ಏರೋಂಕಾ ಕಂಪನಿಯ ಚೀಫ್ ಎಂಬ ವಿಮಾನ. ಉಕ್ಕಿನ ಕೊಳವೆಗಳನ್ನು ಬೆಸೆದ ಒಡಲು, ಅದರ ಮೇಲೆ ಬಿಗಿದ ಬಟ್ಟೆ, ಅಕ್ಕಪಕ್ಕದಲ್ಲಿ ಇಬ್ಬರು ಕೂರುವ ಆಸನ, ತಲೆಯ ಮೇಲೆ ರೆಕ್ಕೆ. ಮೊದಲಿನ ಚೀಫ್‌ನಲ್ಲಿ 65 ಅಶ್ವಶಕ್ತಿಯ ಎಂಜಿನ್ ಇದ್ದು ಅದರ ಗರಿಷ್ಠ ತೂಕ 1,250 ಪೌಂಡು ಮಾತ್ರ ಆಗಿತ್ತು. 85 ಅಶ್ವಶಕ್ತಿಯ ಸೂಪರ್ ಚೀಫ್ ಬಂದಾಗ ಅದು 1,350ಕ್ಕೆ ಏರಿತು. ಬೆಂಗಳೂರಿನ ರೂಪದಲ್ಲಿ ಎಂಜಿನ್ 90 ಅಶ್ವಶಕ್ತಿಯದಾದರೂ ತೂಕದ ಮಿತಿ ಅಲ್ಲಿಗೇ ನಿಂತಿತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಅದೇ ಎಂಜಿನ್ ಕರಾವಳಿಯಲ್ಲಿ ಕೊಡುವಷ್ಟು ಬಲವನ್ನು ಇಲ್ಲಿ ಕೊಡಲಾರದು, ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಂತೂ ಇನ್ನೂ ಕಡಿಮೆ. ಆದ್ದರಿಂದ ಹೆಚ್ಚಿದ ಅಶ್ವಶಕ್ತಿಯನ್ನು ಭಾರ ಹೊರುವುದಕ್ಕೆ ಬಳಸದೆ ಏರುವುದಕ್ಕೆ ಮೀಸಲಿಟ್ಟದ್ದು ವಿವೇಕದ ಮಾತೇ ಸರಿ.

ಗರಿಷ್ಠ ತೂಕವೆಂದರೆ ವಿಮಾನ ಎತ್ತಬಲ್ಲ ಭಾರವೆಂಬ ತಿಳಿವಳಿಕೆ ಸಾಮಾನ್ಯವಾಗಿದ್ದರೂ ಅದು ಪೂರ್ತಿ ಸರಿಯಲ್ಲ, ಏಕೆಂದರೆ ತಂಪು ಬೆಳಗಿನಲ್ಲಿ, ಉದ್ದನೆಯ ರನ್‌ವೇಯಿಂದ, ಇದಕ್ಕಿಂತ ಹೆಚ್ಚಿನ ಭಾರವನ್ನೂ ವಿಮಾನ ಎತ್ತೀತು. ಆ ಅಂಕಿ ಸೂಚಿಸುವುದು ಲೆಕ್ಕ ಹಾಕಿ, ಪರೀಕ್ಷಿಸಿ, ಸರ್ಕಾರದ ಮುಂದೆ ಸಾಬೀತುಪಡಿಸಿದ ತೂಕವನ್ನು. ಸಾಮಾನ್ಯ ವರ್ಗದ ಹಗುರ ವಿಮಾನದ ರೆಕ್ಕೆಯು ಗರಿಷ್ಠ ತೂಕದ 3.8 ಪಟ್ಟು ಭಾರವನ್ನು ಸೊಟ್ಟಾಗದೆ ತಡೆಯಬೇಕು, ಅದರ ಒಂದೂವರೆ ಪಟ್ಟಿನಲ್ಲೂ ಮುರಿಯಬಾರದು. ತೂಕ ಶೇ. 10ರಷ್ಟು ಹೆಚ್ಚಿದರೆ ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ, ಅಂದರೆ ಸ್ಟಾಲ್ ವೇಗ, ಸುಮಾರು ಶೇ. 5ರಷ್ಟು ಏರುತ್ತದೆ, ಎರಡೂ ಸೇರಿ ನೆಲ ಮುಟ್ಟುವ ಕ್ಷಣದ ಚಲನಶಕ್ತಿ ಶೇ. 21ರಷ್ಟು ಹೆಚ್ಚುತ್ತದೆ, ಅದನ್ನು ತಡೆದುಕೊಳ್ಳಬೇಕಾದವು ಮಾತ್ರ ಅವೇ ಚಕ್ರಗಳು, ಅವೇ ಬ್ರೇಕುಗಳು.

ಸಾಬೀತಾದ ಈ ಸಂಗತಿಗಳೆಲ್ಲ ಸೇರಿ ಮಾದರಿ ಪ್ರಮಾಣಪತ್ರವೆಂಬ ದಾಖಲೆಯಾಗುತ್ತವೆ. ಆ ಮಾದರಿಯಂತೆ ತಯಾರಾದ ಒಂದೊಂದು ವಿಮಾನಕ್ಕೂ ಪ್ರತ್ಯೇಕವಾಗಿ ಉಡ್ಡಯನಯೋಗ್ಯತಾ ಪತ್ರ ದೊರೆಯುತ್ತದೆ. ಭಾರತದಲ್ಲಿ ಈ ಎರಡನ್ನೂ 1937ರ ವಿಮಾನ ನಿಯಮಗಳಡಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನೋಡಿಕೊಂಡು ಬಂದಿದೆ. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಬರುವ ಲಾರಿಗೆ ವೇ ಬ್ರಿಡ್ಜ್ ಮೇಲೆ ಹೆಚ್ಚು ತೂಕ ಕಂಡರೆ ದಂಡ ಕಟ್ಟಿ, ಮಾಲು ಇಳಿಸಿ ಮುಂದೆ ಹೋಗಬಹುದು. ವಿಮಾನದಲ್ಲಿ ಮಿತಿ ಮೀರಿದ ಹಾರಾಟವೆಂದರೆ ಆ ಪತ್ರದ ರಕ್ಷಣೆಯ ಹೊರಗಿನ ಹಾರಾಟ. ರಾಜಾಜಿನಗರದ ಕೈಗಾರಿಕಾ ವಸಾಹತಿನ ಲೇತ್ ಕೆಲಸಗಾರ ಒಂದು ಬೋಲ್ಟನ್ನು ಒಂದು ಥೌ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ, ತಪ್ಪದಂತೆ ಕಡೆದು ಕೊಡಬಲ್ಲ. ಆದರೂ ಅದರ ಲೋಹ ಎಲ್ಲಿಂದ ಬಂತು, ಯಾರು ಪರೀಕ್ಷಿಸಿದರು ಎಂಬ ಕಾಗದವಿಲ್ಲದಿದ್ದರೆ ಅದು ವಿಮಾನದ ಮಟ್ಟಿಗೆ ಬೋಲ್ಟೇ ಅಲ್ಲ.

ಹಳೆಯ ವಿಮಾನಗಳ ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಸುಮಾರು 160 ಪುಷ್ಪಕಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿದವು. ಇಂಥ ವಿಮಾನದ ಬಟ್ಟೆ ಕೆಲವು ವರ್ಷಗಳಿಗೊಮ್ಮೆ ಬದಲಾಗಬೇಕು. ಹೊಸ ಬಟ್ಟೆಯನ್ನು ಬಿಗಿಗೊಳಿಸಲು ಬಳಿಯುವ ಡೋಪ್ ಎಂಬ ದ್ರವದ ಒಂದೊಂದು ಲೇಪವೂ, ಅದರ ಮೇಲಿನ ಬಣ್ಣವೂ ತೂಕವೇ. ಆಮೇಲೆ ರೇಡಿಯೋ, ಬ್ಯಾಟರಿ. ಎಂದೇ ದೊಡ್ಡ ರಿಪೇರಿಯಾದ ಮೇಲೆ ತೂಗುವ ಪದ್ಧತಿಯಿದೆ: ಗಾಳಿ ಬೀಸದ ಹ್ಯಾಂಗರಿನಲ್ಲಿ, ಬಾಗಿಲು ಮುಚ್ಚಿ, ಮುಂದಿನ ಎರಡು ಚಕ್ರಗಳನ್ನೂ ಬಾಲದ ಚಕ್ರವನ್ನೂ ಮೂರು ತಕ್ಕಡಿಗಳ ಮೇಲಿರಿಸಿ, ಒಡಲು ಮಟ್ಟವಾಗುವವರೆಗೆ ಬಾಲವನ್ನು ಎತ್ತಿ ನಿಲ್ಲಿಸಿ, ಮೂರು ಅಂಕಿಗಳನ್ನು ಕೂಡಿಸಿದರೆ ಖಾಲಿ ತೂಕ, ಒಂದೊಂದು ಅಂಕಿಯನ್ನೂ ಗೊತ್ತಾದ ಗೆರೆಯಿಂದ ಅದಕ್ಕಿರುವ ದೂರದಿಂದ ಗುಣಿಸಿ, ಮೊತ್ತವನ್ನು ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವ ಕೇಂದ್ರ. ಖಾಲಿ ತೂಕ ಏರಿದಷ್ಟೂ ಹೊರಬಹುದಾದ ಭಾರ ಇಳಿಯುತ್ತದೆ. ಗರಿಷ್ಠ ತೂಕದಲ್ಲಿ ಖಾಲಿ ತೂಕ ಕಳೆದರೆ ಪುಷ್ಪಕಕ್ಕೆ ಉಳಿಯುವ 480 ಪೌಂಡಿನಲ್ಲಿ ಅಂದಿನ ಅಮೆರಿಕದ ನಿಯಮಗಳ ಲೆಕ್ಕದಂತೆ ತಲಾ 170 ಪೌಂಡಿನ ಇಬ್ಬರು ಕುಳಿತರೆ ಪೆಟ್ರೋಲಿಗೂ ಚೀಲಕ್ಕೂ ಉಳಿಯುವುದು 140 ಪೌಂಡು. ಬಣ್ಣ, ಬ್ಯಾಟರಿಗಳು ತಿಂದುಹಾಕುವುದು ಇದನ್ನೇ.

ಮಿತಿಯನ್ನೇ ಬಹಳಷ್ಟು ಏರಿಸಬೇಕೆಂದರೆ ಬೇರೆ ವಿಮಾನವನ್ನೇ ಮಾಡಬೇಕೆಂಬುದಕ್ಕೆ ಅದೇ ಕಾರ್ಖಾನೆಯ ಕೃಷಕ್ ಉದಾಹರಣೆ. ಪುಷ್ಪಕದ ಒಡಲನ್ನು ಹಿಗ್ಗಿಸಿ ರೂಪಿಸಿದ ಅದು 1959ರಲ್ಲಿ ಹಾರಿತು. ನಾಲ್ಕು ಸಿಲಿಂಡರಿನ ಎಂಜಿನ್ ಇದ್ದಲ್ಲಿ ಆರು ಸಿಲಿಂಡರಿನ, 225 ಅಶ್ವಶಕ್ತಿಯ ಎಂಜಿನ್ ಬಂತು, ಗರಿಷ್ಠ ತೂಕ ಸುಮಾರು 2,800 ಪೌಂಡಿಗೆ ಏರಿತು. ಇದನ್ನು ಪುಷ್ಪಕದ ಮಾರ್ಪಾಡೆಂದು ಕರೆಯುವುದು ಮಾತಿಗೆ ಮಾತ್ರ. ಕಾನೂನಿನ ಕಣ್ಣಿಗೆ ಅದು ಹೊಸ ಹುಟ್ಟು. ಹೆಸರಿನಲ್ಲಿ ಕೃಷಿಯಿದ್ದರೂ ಅದು ಕೊನೆಗೆ ಸೇರಿದ್ದು ಸೇನೆಯ ಫಿರಂಗಿ ದಳದ ವೀಕ್ಷಣೆಯ ಕೆಲಸಕ್ಕೆ.

ತೂಕದ ಗೆರೆಗಳು ವಿಮಾನಗಳಿಗಿಂತ ಈಚೆಗೆ ಹುಟ್ಟಿದಾಗ ವಿಚಿತ್ರಗಳು ಸಂಭವಿಸುತ್ತವೆ. ಅಮೆರಿಕ 2004ರಲ್ಲಿ ಸುಲಭದ ಲೈಸೆನ್ಸಿನಿಂದ ಹಾರಿಸಬಹುದಾದ ಹಗುರ ಕ್ರೀಡಾ ವಿಮಾನಗಳಿಗೆ 1,320 ಪೌಂಡಿನ, ಅಂದರೆ 600 ಕಿಲೋದ ಮಿತಿ ಹಾಕಿತು. 1,250 ಪೌಂಡಿನ ಚೀಫ್ ಒಳಗೆ ಉಳಿಯಿತು; 1,350ರ ಸೂಪರ್ ಚೀಫ್ 30 ಪೌಂಡಿನಿಂದ ಹೊರಗಾಯಿತು. ಪುಷ್ಪಕವನ್ನು ಅದೇ ಅಳತೆಗೆ ಹಿಡಿದರೆ ಅದೂ 12 ಕಿಲೋ ಹೆಚ್ಚು. ಹಗುರವಾಗಿಯೇ ಹಾರಿಸುತ್ತೇವೆಂದು ಮಾಲೀಕರು ಬರೆದುಕೊಟ್ಟರೂ ಸಲ್ಲುತ್ತಿರಲಿಲ್ಲ, ಏಕೆಂದರೆ ಮೊದಲ ಪ್ರಮಾಣಪತ್ರದ ದಿನದಿಂದ ಒಮ್ಮೆಯೂ ಮಿತಿ ದಾಟದಿರಬೇಕೆಂಬುದು ಆ ನಿಯಮದ ಷರತ್ತಾಗಿತ್ತು. 1,260 ಪೌಂಡಿನ ಎರ್ಕೂಪ್ ವಿಮಾನಗಳಲ್ಲಿ ಕೆಲವನ್ನು ಹಿಂದೆಂದೋ 1,400ಕ್ಕೆ ಮಾರ್ಪಡಿಸಿದವರು ಈ ಷರತ್ತಿಗೇ ಸಿಕ್ಕಿಬಿದ್ದರು. 2025ರಲ್ಲಿ ಅಮೆರಿಕ ಆ ಲೈಸೆನ್ಸಿಗೆ ತೂಕದ ಗೆರೆಯನ್ನು ಅಳಿಸಿ ಸ್ಟಾಲ್ ವೇಗವನ್ನು ಮುಖ್ಯ ಅಳತೆಯಾಗಿಸಿತು. 21 ವರ್ಷ ಹೊರಗಿದ್ದ ಸೂಪರ್ ಚೀಫ್ ಒಂದು ಪೌಂಡನ್ನೂ ಇಳಿಸಿಕೊಳ್ಳದೆ ಒಳಗೆ ಬಂತು.