ಲೇಖನ ಚಿಕಿತ್ಸೆಯೂ ಚೀನೀ ಗುವಾ ಶಾವೂ

ಲೇಖನವೆಂದೊಡನೆ ವಾಚಕರಿಗೆ ಬರೆವಣಿಗೆ ನೆನಪಾಗುವುದು. ಲಿಖ್ ಧಾತುವಿಗೆ ಕೆರೆಯುವುದೆಂಬ ಅರ್ಥವೂ ಉಂಟು. ಸುಶ್ರುತನು ಹೇಳಿದ ಎಂಟು ಶಸ್ತ್ರಕರ್ಮಗಳಲ್ಲಿ ಲೇಖನವೂ ಒಂದು. ಗಡುಸಾಗಿ ಮಾಂಸವುಬ್ಬಿದ ವ್ರಣವನ್ನು ಮಂಡಲಾಗ್ರವೆಂಬ ಶಸ್ತ್ರದಿಂದ ಕೆರೆಯುವುದುಂಟು. ನಾರುಬಟ್ಟೆ, ಸಮುದ್ರಫೇನ, ಸೈಂಧವ, ಒರಟು ಎಲೆಗಳನ್ನೂ ಆತನು ಈ ಕಾರ್ಯಕ್ಕೆ ವಿಧಿಸಿರುವನು.

ಇದನ್ನು ಹಿಡಿದುಕೊಂಡು, ಚೀನಾ ದೇಶದ ‘ಗುವಾ ಶಾ’ ನಮ್ಮ ಲೇಖನದ ಸಂತತಿಯೇ ಎಂದು ಸಾಧಿಸುವ ಮಿತ್ರರು ನಮ್ಮ ಕೃಷ್ಣರಾಜನಗರದಲ್ಲಿಯೂ ಇದ್ದಾರೆ. ಅಭಿಮಾನವು ಮೆಚ್ಚತಕ್ಕದ್ದೇ, ವಾದವನ್ನು ಮಾತ್ರ ನಾನೊಪ್ಪಲಾರೆನು. ‘ಗುವಾ’ ಎಂದರೆ ಕೆರೆಯುವುದೆಂಬುದು ನಿಜ. ಆದರೆ ಅಲ್ಲಿ ವ್ರಣವೂ ಇಲ್ಲ, ಶಸ್ತ್ರವೂ ಇಲ್ಲ. ಗಾಯವಿಲ್ಲದ ಮೈಗೆ ಎಣ್ಣೆ ಸವರಿ, ನಾಣ್ಯದ ಅಥವಾ ಕೊಂಬಿನ ಅಂಚಿನಿಂದ ‘ಶಾ’ ಎಂಬ ಕೆಂಪು ಬೊಟ್ಟುಗಳು ಮೂಡುವವರೆಗೆ ಉಜ್ಜುವರು. ಸುಶ್ರುತನು ಕೆರೆದದ್ದು ಕೆಟ್ಟ ಮಾಂಸವನ್ನು ತೆಗೆಯಲು. ಚೀನೀ ವೈದ್ಯರು ಉಜ್ಜಿದ್ದು ಒಳಗಡಗಿದ ರೋಗವನ್ನು ಹೊರಕ್ಕೆ ತರಲು. ಆ ‘ಶಾ’ ರೋಗವನ್ನೇ ವಿವರಿಸುವ ಗುವೋ ಝಿಸುಯಿಯ ಗ್ರಂಥವು 1675ರ ಸುಮಾರಿನದು; ಅದರ ಹಿಂದಿರುವುದು ಚೀನರದೇ ಆದ ವೈದ್ಯಪರಂಪರೆ.